ಲಾಕ್‌ಡೌನ್ ವಿರುದ್ಧ ಉದ್ಯಮಿಗಳು ಆಡಿದ ಮಾತಿಗೆ ಎಷ್ಟು ತೂಕ ಕೊಡಬೇಕು?

ಪ್ರಶ್ನೆ

ಕೋವಿಡ್ ಕಾಲದ ಸಾರ್ವಜನಿಕ ಚರ್ಚೆಗಳ ಕುರಿತು ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಹೆಚ್ಚಿನ ಉದ್ಯಮಿಗಳು ಸರ್ಕಾರದ ಆದೇಶಗಳ ಬಗ್ಗೆ ಬಹಿರಂಗವಾಗಿ ತುಟಿ ಬಿಚ್ಚದಿದ್ದ ಆ ದಿನಗಳಲ್ಲಿ ಕೆಲವರು ಮಾತ್ರ ನೇರವಾಗಿ ಮಾತನಾಡಿದರು. ಟೆಸ್ಲಾ ಕಾರು ಕಂಪನಿಯ ಮುಖ್ಯಸ್ಥ ಎಲಾನ್ ಮಸ್ಕ್ 2020ರ ಏಪ್ರಿಲ್ 29ರಂದು ಕ್ಯಾಲಿಫೋರ್ನಿಯಾದ ನಿರ್ಬಂಧಗಳನ್ನು ಫ್ಯಾಸಿಸಂ ಎಂದು ಖಂಡಿಸಿದರು. ಅದೇ ಹೊತ್ತಿಗೆ ಎನ್. ಆರ್. ನಾರಾಯಣ ಮೂರ್ತಿಯವರು, ಲಾಕ್‌ಡೌನ್ ಹೀಗೇ ಮುಂದುವರಿದರೆ ಭಾರತದಲ್ಲಿ ಸೋಂಕಿಗಿಂತ ಹಸಿವಿನಿಂದ ಸಾಯುವವರೇ ಹೆಚ್ಚಾಗಬಹುದು ಎಂದು ಎಚ್ಚರಿಸಿದರು. ಜೂನ್ ಮೊದಲ ವಾರದಲ್ಲಿ ರಾಹುಲ್ ಗಾಂಧಿಯವರೊಂದಿಗೆ ನಡೆದ ಸಂವಾದದಲ್ಲಿ ಬಜಾಜ್ ಆಟೋ ಕಂಪನಿಯ ರಾಜೀವ್ ಬಜಾಜ್ ಅವರು, ನಾವು ತಗ್ಗಿಸಿದ್ದು ಸೋಂಕಿನ ರೇಖೆಯನ್ನಲ್ಲ, ಜಿಡಿಪಿಯ ರೇಖೆಯನ್ನು ಎಂಬರ್ಥದ ಮಾತನ್ನಾಡಿದರು.

ಇವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಲಾಭಕ್ಕಾಗಿ ಆಡಿದ ಮಾತು ಎಂದು ತಳ್ಳಿಹಾಕುವುದು ಸುಲಭ, ಧೈರ್ಯವಂತರು ಎಂದು ಹೊಗಳುವುದೂ ಅಷ್ಟೇ ಸುಲಭ. ಇವೆರಡೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಅಂಥ ಮಾತನ್ನು ಅಳೆಯಲು ಬೇರೆ ಯಾವ ಮಾನದಂಡವಿದೆ ಎಂಬುದನ್ನು ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಮೊದಲು ಮಸ್ಕ್ ಅವರ ಪ್ರಕರಣವನ್ನು ದಿನಾಂಕಗಳ ಸಮೇತ ನೋಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಮಾತು ಮತ್ತು ಕೃತಿ ಎರಡೂ ದಾಖಲಾಗಿವೆ. 2020ರ ಮಾರ್ಚ್ ಮಧ್ಯದಲ್ಲಿ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಲಾಕ್‌ಡೌನ್ ಆದೇಶ ಜಾರಿಗೆ ಬಂದ ಮೇಲೂ ಫ್ರೀಮಾಂಟ್‌ನ ಟೆಸ್ಲಾ ಕಾರ್ಖಾನೆ ಕೆಲವು ದಿನ ನಡೆಯುತ್ತಲೇ ಇತ್ತು. ಮೇ 9ರಂದು ಕಂಪನಿಯು ಕೌಂಟಿಯ ಮೇಲೆ ಮೊಕದ್ದಮೆ ಹೂಡಿತು, ಕೇಂದ್ರ ಕಚೇರಿಯನ್ನೇ ಬೇರೆ ರಾಜ್ಯಕ್ಕೆ ಒಯ್ಯುವುದಾಗಿ ಮಸ್ಕ್ ಹೇಳಿದರು. ಮೇ 11ರಂದು, ಆದೇಶವನ್ನು ಮೀರಿ ಕಾರ್ಖಾನೆ ತೆರೆಯುತ್ತಿದ್ದೇನೆ, ಬಂಧಿಸುವುದಾದರೆ ನನ್ನೊಬ್ಬನನ್ನೇ ಬಂಧಿಸಿ ಎಂದು ಬರೆದರು. ಯಾರ ಬಂಧನವೂ ಆಗಲಿಲ್ಲ. ಸುರಕ್ಷತಾ ಯೋಜನೆಯ ಕುರಿತು ಎರಡೂ ಕಡೆಯವರು ಮಾತುಕತೆಯ ಮೂಲಕ ಒಪ್ಪಂದಕ್ಕೆ ಬಂದರು, ಅದೇ ತಿಂಗಳಲ್ಲಿ ಮೊಕದ್ದಮೆಯೂ ಹಿಂದಕ್ಕೆ ಹೋಯಿತು.

ಇಲ್ಲಿ ಎರಡು ಬಗೆಯ ಮಾತುಗಳು ಬೆರೆತಿವೆ. ಒಂದೇ ರಾಜ್ಯದೊಳಗೆ ಒಂದು ಕೌಂಟಿಗೊಂದು ನಿಯಮ, ಪಕ್ಕದ ಕೌಂಟಿಗೆ ಇನ್ನೊಂದು ನಿಯಮ ಏಕೆ ಎಂದು ಕೇಳುವುದು ಉದ್ಯಮಿಯ ಹಕ್ಕು, ಅದಕ್ಕೆ ಸರ್ಕಾರ ಉತ್ತರಿಸಲೇಬೇಕು. ಆದರೆ ಏಪ್ರಿಲ್ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಹೊಸ ಪ್ರಕರಣಗಳು ಸೊನ್ನೆಯ ಹತ್ತಿರಕ್ಕೆ ಬರಬಹುದು ಎಂದು ಮಾರ್ಚ್‌ನಲ್ಲಿ ಅವರು ಬರೆದದ್ದು ರೋಗದ ಕುರಿತಾದ ಭವಿಷ್ಯವಾಣಿ. ಅದು ಪೂರ್ತಿ ಸುಳ್ಳಾಯಿತು, ಏಪ್ರಿಲ್ ಕೊನೆಯಲ್ಲಿ ಅಲ್ಲಿ ದಿನಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗುತ್ತಿದ್ದವು. ಕಾರ್ಖಾನೆ ಕಟ್ಟಿದ ಅನುಭವವನ್ನು ಸಾಂಕ್ರಾಮಿಕ ರೋಗದ ಜ್ಞಾನವೆಂದು ನಾವು ಭಾವಿಸಿದ್ದು ಆ ಚರ್ಚೆಯ ದೊಡ್ಡ ದೋಷ, ಮತ್ತು ಅದರ ಹೊಣೆ ಮಾತನಾಡಿದವರದ್ದಷ್ಟೇ ಅಲ್ಲ, ಅದನ್ನು ಶೀರ್ಷಿಕೆಯಾಗಿಸಿದ ಮಾಧ್ಯಮಗಳದ್ದೂ ಹೌದು.

ಉತ್ತರ 2

ಮೇಲಿನವರ ವಿಂಗಡಣೆಯನ್ನು ಒಪ್ಪುತ್ತೇನೆ, ಆದರೆ ಬಜಾಜ್ ಅವರ ಮಾತನ್ನು ಅಷ್ಟು ಬೇಗ ಬದಿಗಿಡಬಾರದು. ಮಾರ್ಚ್ 24ರ ರಾತ್ರಿ ಘೋಷಣೆಯಾದ ಲಾಕ್‌ಡೌನ್‌ಗೂ ಅದರ ಜಾರಿಗೂ ನಡುವೆ ಇದ್ದದ್ದು ನಾಲ್ಕೇ ಗಂಟೆ. 2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಜಿಡಿಪಿ ಶೇ 23.9ರಷ್ಟು ಕುಸಿಯಿತೆಂದು ಮೊದಲ ಅಂದಾಜು ಬಂದಾಗ ಅವರ ಆತಂಕ ಆಧಾರವಿಲ್ಲದ್ದಾಗಿರಲಿಲ್ಲ ಎಂಬುದು ಸ್ಪಷ್ಟವಾಯಿತು. ಹೆದ್ದಾರಿಗಳಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆದ ಕಾರ್ಮಿಕರನ್ನು ಕಂಡ ಯಾರೂ ಆ ಪ್ರಶ್ನೆ ಕೇಳಬಾರದಿತ್ತು ಎನ್ನಲಾರರು.

ಉದ್ಯಮಿಗಳೆಲ್ಲ ಒಂದೇ ರಾಗ ಹಾಡಿದರು ಎಂಬುದೂ ಸರಿಯಲ್ಲ. ಆನಂದ್ ಮಹೀಂದ್ರಾ ಅವರು 2020ರ ಮಾರ್ಚ್‌ನಲ್ಲಿ ಕೆಲವು ವಾರಗಳ ಲಾಕ್‌ಡೌನ್ ಪರವಾಗಿದ್ದರು, ಮೇ ಕೊನೆಯ ಹೊತ್ತಿಗೆ ಅದರ ವಿಸ್ತರಣೆ ಆರ್ಥಿಕವಾಗಿಯೂ ವೈದ್ಯಕೀಯವಾಗಿಯೂ ಹಾನಿಕರ ಎಂದರು. ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಭಾರತೀಯ ಕೈಗಾರಿಕಾ ಒಕ್ಕೂಟದ ಅಧ್ಯಕ್ಷರಾಗಿದ್ದ ಉದಯ್ ಕೋಟಕ್ ಅವರು ಜೀವ ಉಳಿಸಲು ಆರ್ಥಿಕ ಚಟುವಟಿಕೆಗಳನ್ನೇ ಮೊಟಕುಗೊಳಿಸುವಂತೆ ಕೇಳಿಕೊಂಡರು. ಪರಿಸ್ಥಿತಿಯೊಂದಿಗೆ ಅಭಿಪ್ರಾಯ ಬದಲಾಗುವುದು ದೌರ್ಬಲ್ಯವಲ್ಲ.

ಉತ್ತರ 3

ನಾನು ಆ ಎರಡು ವರ್ಷ ಒಂದು ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿದ್ದೆ. ಆದ್ದರಿಂದ ನನ್ನ ಮಾನದಂಡ ಗೇಟಿನ ಬಳಿ ಹುಟ್ಟಿದ್ದು.

ಬೆಳಗಿನ ಪಾಳಿಗೆ ಬರುವವರ ಹಣೆಗೆ ಥರ್ಮಲ್ ಗನ್ ಹಿಡಿಯುವುದು ನಮ್ಮ ಕೆಲಸವಾಗಿತ್ತು. ಬಿಸಿಲಲ್ಲಿ ನಡೆದು ಬಂದವರ ಅಂಕಿ ಏರಿರುತ್ತಿತ್ತು. ಅವರನ್ನು ಹತ್ತು ನಿಮಿಷ ನೆರಳಲ್ಲಿ ಕೂರಿಸಿ ಮತ್ತೆ ನೋಡುತ್ತಿದ್ದೆವು. ಆ ಹತ್ತು ನಿಮಿಷ ಅವರ ಮುಖದಲ್ಲಿದ್ದ ಭಯ ಕಾಯಿಲೆಯದ್ದಾಗಿರಲಿಲ್ಲ, ವಾಪಸ್ ಕಳಿಸಿದರೆ ಎಂಬುದಾಗಿತ್ತು. ಗುತ್ತಿಗೆ ಕಾರ್ಮಿಕರಿಗೆ ಪ್ರತ್ಯೇಕವಾಸದ ಹದಿನಾಲ್ಕು ದಿನಗಳ ಕೂಲಿ ಸಿಗುತ್ತಿರಲಿಲ್ಲ. ಒಬ್ಬರು ಕೆಮ್ಮು ಕೇಳಿಸದಿರಲೆಂದು ಯಂತ್ರದ ಸದ್ದು ಜೋರಿರುವ ಜಾಗವನ್ನೇ ಕೇಳಿ ಪಡೆದುಕೊಂಡಿದ್ದರು ಎಂಬುದು ನಮಗೆ ಗೊತ್ತಾದದ್ದು ತಡವಾಗಿ. ಆಡಳಿತ ಮಂಡಳಿಯು ಆ ದಿನಗಳಿಗೂ ಕೂಲಿ ಕೊಡಲು ಒಪ್ಪಿದ ಮೇಲೆ ಜನ ತಾವಾಗಿಯೇ ಬಂದು, ನೆಗಡಿ ಇದೆ, ಮನೆಯಲ್ಲಿ ಜ್ವರವಿದೆ ಎಂದು ಹೇಳತೊಡಗಿದರು. ಸ್ಯಾನಿಟೈಸರ್, ಬ್ಯಾನರು, ನೆಲಕ್ಕೆ ಬಳಿದ ಹಳದಿ ವೃತ್ತಗಳು ಇವೆಲ್ಲ ಮಾಡಲಾಗದ್ದನ್ನು ಆ ಒಂದು ನಿರ್ಧಾರ ಮಾಡಿತು.

ಆದ್ದರಿಂದ, ಕೆಲಸ ಪುನರಾರಂಭವಾಗಲಿ ಎಂದ ಉದ್ಯಮಿ ಅದರ ಜೊತೆಗೆ ತಾನು ಏನನ್ನು ಕೊಡಲು ಸಿದ್ಧನಿದ್ದ ಎಂದು ನಾನು ಕೇಳುತ್ತೇನೆ. ಫ್ರೀಮಾಂಟ್‌ನಲ್ಲಿ, ಬರಲು ಅಳುಕುವವರು ಬರಬೇಕಾಗಿಲ್ಲ ಎಂದು ತಿಳಿಸಲಾಗಿತ್ತು, ಆದರೆ ಆ ರಜೆಗೆ ಸಂಬಳವಿರಲಿಲ್ಲ. ಮಹಾರಾಷ್ಟ್ರದಲ್ಲಿರುವ ಬಜಾಜ್ ಆಟೋದ ವಾಳೂಜ್ ಘಟಕದಲ್ಲಿ 2020ರ ಜುಲೈ ಹೊತ್ತಿಗೆ ಸುಮಾರು 250 ಮಂದಿಗೆ ಸೋಂಕು ತಗುಲಿದಾಗ, ಕೆಲವು ದಿನ ಘಟಕ ಮುಚ್ಚಿ ಎಂದು ಕೇಳಿದ್ದು ಕಾರ್ಮಿಕ ಸಂಘ. ಮಾಲೀಕರ ಮಾತಿನಷ್ಟು ಪ್ರಚಾರ ಆ ಬೇಡಿಕೆಗೆ ಸಿಗಲಿಲ್ಲ, ಅದು ನನಗೆ ಇಂದಿಗೂ ನೋವಿನ ಸಂಗತಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಕೃತಜ್ಞತೆಗಳು. ಕೊನೆಯ ಉತ್ತರದಿಂದ ನನ್ನ ಲೇಖನದ ದಿಕ್ಕೇ ಬದಲಾಗಿದೆ. ಲಾಕ್‌ಡೌನ್ ಅವಧಿಯ ಪೂರ್ಣ ವೇತನ ನೀಡಬೇಕೆಂದು ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು ಹೊರಡಿಸಿದ ಆದೇಶವನ್ನು ಹಲವು ಕಂಪನಿಗಳು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದ್ದವು. ಜೂನ್ 12ರಂದು ನ್ಯಾಯಾಲಯವು ಉದ್ಯೋಗದಾತರ ಮೇಲೆ ಬಲವಂತದ ಕ್ರಮ ಬೇಡವೆಂದು ಹೇಳಿ, ಕಾರ್ಮಿಕರೊಂದಿಗೆ ಮಾತುಕತೆ ನಡೆಸಲು ಸೂಚಿಸಿತು. ಇದನ್ನು ಅಡಿಟಿಪ್ಪಣಿಯಾಗಿ ಇಟ್ಟುಕೊಂಡಿದ್ದೆ, ಈಗ ಲೇಖನವನ್ನು ಇಲ್ಲಿಂದಲೇ ಆರಂಭಿಸುತ್ತೇನೆ. ಉತ್ತರ 3 ಬರೆದವರಲ್ಲಿ ಒಂದು ಕೋರಿಕೆ: ಆ ಕೂಲಿಯ ನಿರ್ಧಾರ ಮಾಲೀಕರೇ ಮುಂದಾಗಿ ತೆಗೆದುಕೊಂಡದ್ದೇ, ಅಥವಾ ಯಾರಾದರೂ ಕೇಳಿ ಪಡೆದದ್ದೇ?

ಉತ್ತರ 3 ಬರೆದವರು

ಕೇಳಿ ಪಡೆದದ್ದು. ನಮ್ಮ ವಿಭಾಗದ ಮುಖ್ಯಸ್ಥರು ಮೂರು ಸಲ ಟಿಪ್ಪಣಿ ಬರೆದರು. ಎರಡು ಸಲ ತಿರಸ್ಕೃತವಾಯಿತು. ಮೂರನೆಯ ಸಲ ಅವರು ಒಂದು ಪಾಳಿ ಪೂರ್ತಿ ನಿಂತರೆ ಆಗುವ ನಷ್ಟವನ್ನೂ ಹತ್ತು ಜನರ ಹದಿನಾಲ್ಕು ದಿನಗಳ ಕೂಲಿಯನ್ನೂ ಅಕ್ಕಪಕ್ಕ ಬರೆದು ಕಳಿಸಿದರು, ಅಂದೇ ಸಂಜೆ ಸಹಿಯಾಯಿತು.