ಅಟ್ಟದ ಮೇಲೆ ಸಿಕ್ಕ ಹೆಸರಿಲ್ಲದ ಗಿಟಾರ್: ಇದು ಯಾವುದು, ಯಾವ ಕಾಲದ್ದು?

ಪ್ರಶ್ನೆ: ಕೋಡಿಬಾಗದ ಓದುಗ, ಕಾರವಾರ

ಬಲ್ಲವರಿಗೆ ನಮಸ್ಕಾರ. ಹಡಗಿನಲ್ಲಿ ಕೆಲಸದಲ್ಲಿದ್ದ ನಮ್ಮ ಸೋದರಮಾವನವರು ತೀರಿಕೊಂಡ ಬಳಿಕ ಅವರ ಮನೆಯ ಅಟ್ಟವನ್ನು ಗುಡಿಸುವಾಗ, ಚಾಪೆಯಲ್ಲಿ ಸುತ್ತಿಟ್ಟಿದ್ದ ಆರು ತಂತಿಯ ವಾದ್ಯವೊಂದು ಸಿಕ್ಕಿತು. ಉದ್ದ ಸುಮಾರು 80 ಸೆಂ.ಮೀ.; ಒಳಗೆ ಪೊಳ್ಳಿಲ್ಲದ ಮರದ ಮೈಗೆಲ್ಲ ಮುತ್ತಿನ ಚಿಪ್ಪಿನಂತೆ ಹೊಳೆಯುವ ಹಾಳೆಯನ್ನು ಅಂಟಿಸಿದ್ದಾರೆ. ಫ್ರೆಟ್‌ಗಳು, ಅಂದರೆ ಲೋಹದ ಅಡ್ಡಪಟ್ಟಿಗಳು, ಇರಬೇಕಾದಲ್ಲಿ ಬರಿಯ ಗೆರೆಗಳಿವೆ. ತಂತಿಗಳು ಎಷ್ಟು ಎತ್ತರದಲ್ಲಿವೆಯೆಂದರೆ ಬೆರಳಿನಿಂದ ಒತ್ತಲು ಸಾಧ್ಯವೇ ಇಲ್ಲ. ತಲೆಯ ಭಾಗದಲ್ಲಿ ಹೆಸರಿನ ಫಲಕವಿದ್ದ ಗುರುತಾಗಿ ಎರಡು ಮೊಳೆಯ ತೂತುಗಳು ಮಾತ್ರ ಉಳಿದಿವೆ. ತಲೆಯ ಬಳಿ ತಂತಿಗಳನ್ನು ಎತ್ತಿ ಹಿಡಿದಿರುವ ನಟ್ಟನ್ನು ತಗ್ಗಿಸಿ ಫ್ರೆಟ್ ಕೂರಿಸಿದರೆ ಮಾಮೂಲಿ ಗಿಟಾರ್ ಆಗುತ್ತದೆಂದು ರಿಪೇರಿಯವರೊಬ್ಬರು ಹೇಳಿದ್ದಾರೆ. ಹಾಗೆ ಮಾಡಿಸಬಹುದೇ?

ಉತ್ತರ: ಶಿರಸಿಯಿಂದ

ದಯವಿಟ್ಟು ಮಾಡಿಸಬೇಡಿ. ತಾವು ವರ್ಣಿಸಿರುವುದು ಲ್ಯಾಪ್ ಸ್ಟೀಲ್ ಗಿಟಾರ್. ನಮ್ಮಲ್ಲಿ ಹಳಬರು ಹವಾಯಿಯನ್ ಗಿಟಾರ್ ಎನ್ನುತ್ತಿದ್ದುದು ಇದನ್ನೇ. ಇದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಹಿಡಿದ ಉಕ್ಕಿನ ಬಾರನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುತ್ತಾರೆ. ತಂತಿಗಳ ಎತ್ತರ ಈ ವಾದ್ಯದ ದೋಷವಲ್ಲ, ಅಗತ್ಯ. ಬಾರ್ ಹಲಗೆಗೆ ತಗಲಬಾರದಲ್ಲ. ಗೆರೆಗಳು ಸ್ವರಸ್ಥಾನವನ್ನು ಕಣ್ಣಿಗೆ ತೋರಿಸಲು ಮಾತ್ರ.

ಮಾರಾಟಕ್ಕೆ ಬಂದು ನೆಲೆನಿಂತ ಮೊದಲ ವಿದ್ಯುತ್ ಗಿಟಾರ್ ಕೂಡ ಇದೇ ಜಾತಿಯದು. 1932ರ ಸುಮಾರಿಗೆ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್‌ನ ಅಲ್ಯೂಮಿನಿಯಂ ವಾದ್ಯವನ್ನು ಅದರ ಆಕಾರ ನೋಡಿ ಜನ ‘ಬಾಣಲೆ’ ಎಂದೇ ಕರೆದರು. ಅನಂತರದ ಎರಡು ದಶಕಗಳಲ್ಲಿ ಕಲಿಯುವವರಿಗೆಂದು ಅಗ್ಗದ ಲ್ಯಾಪ್ ಸ್ಟೀಲ್‌ಗಳು ಹೇರಳವಾಗಿ ತಯಾರಾದವು. ‘ಯಾವ ಕಂಪನಿಯದು’ ಎಂಬ ಪ್ರಶ್ನೆಗೆ ಇವುಗಳ ಮಟ್ಟಿಗೆ ಎರಡೆರಡು ಉತ್ತರಗಳಿರುತ್ತವೆ. ಏಕೆಂದರೆ ಷಿಕಾಗೋದ ವಾಲ್ಕೋದಂತಹ ಕಾರ್ಖಾನೆ ಒಂದೇ ಬಗೆಯ ವಾದ್ಯವನ್ನು ಸುಪ್ರೋ, ನ್ಯಾಷನಲ್ ಎಂಬ ತನ್ನ ಹೆಸರುಗಳಲ್ಲಿಯೂ ಬೇರೆ ಮಾರಾಟಗಾರರ ಹೆಸರಿನಲ್ಲಿಯೂ ಹೊರಗೆ ಕಳಿಸುತ್ತಿತ್ತು. ಜಪಾನಿನ ಟೀಸ್ಕೋ ಮತ್ತು ಗುಯಾಟೋನ್ ಕೂಡ ಇವನ್ನು ಮಾಡಿದ್ದವು. ಹಡಗಿನವರ ಮನೆಯಾದ್ದರಿಂದ ಎರಡು ಕಡೆಯ ಸಾಧ್ಯತೆಯನ್ನೂ ಬಿಡುವಂತಿಲ್ಲ. ಫಲಕ ಹೋಯಿತೆಂದು ಕೊರಗಬೇಡಿ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪನ್ನು ನೋಡಿ: ತಂತಿಗಳು ಅದರ ಮೇಲೆ ಹಾಯ್ದಿವೆಯೇ, ಇಲ್ಲವೇ ಅದರ ಒಳಗಿನಿಂದಲೇ ತೂರಿ ಬಂದಿವೆಯೇ? ಒಳಗಿನಿಂದ ಬಂದಿದ್ದರೆ ವಾಲ್ಕೋದ ಕಡೆಗೆ ನನ್ನ ಒಲವು ಹೆಚ್ಚು.

ಹೊಳೆಯುವ ಆ ಹಾಳೆ ಸೆಲ್ಯುಲಾಯ್ಡ್ ಇರಬೇಕು. ಅಮೆರಿಕದವರು ಇದನ್ನು ಕಮೋಡಿನ ಆಸನದ ಮುತ್ತು ಎಂದು ಗೇಲಿ ಮಾಡುತ್ತಾರೆ, ಆದರೆ ನನಗೆ ಅದು ಬಲು ಚೆಂದ ಕಾಣುತ್ತದೆ. ಕಣ್ಣಿಗೆ ಬೀಳದ ಮೂಲೆಯನ್ನು ಬಟ್ಟೆಯಿಂದ ಬಿಸಿಯಾಗುವಂತೆ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರಬಹುದು, ಸೆಲ್ಯುಲಾಯ್ಡಿನಲ್ಲಿ ಕರ್ಪೂರ ಸೇರಿರುತ್ತದೆ. ಕರ್ಪೂರದಂತೆಯೇ ಅದು ಬೇಗ ಹೊತ್ತಿಕೊಳ್ಳುವುದರಿಂದ ಬೆಂಕಿಯನ್ನಾಗಲಿ ಬೆಸುಗೆಯ ಕಾವನ್ನಾಗಲಿ ಹತ್ತಿರ ತರಬೇಡಿ.

ಉತ್ತರ: ಕುಮಟಾದಿಂದ

ಕಡಲ ಗಾಳಿಯ ಉಪ್ಪು ಮೊದಲು ತಿನ್ನುವುದು ಪಿಕಪ್ಪಿನ ಸುರುಳಿಯ ಕೂದಲೆಳೆಯಂತಹ ತಂತಿಯನ್ನು. ವಾಲ್ಯೂಮನ್ನು ಪೂರ್ತಿ ತಿರುಗಿಸಿ, ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರಿನಿಂದ ಅಳೆಯಿರಿ. ಕೆಲವು ಸಾವಿರ ಓಮ್ ತೋರಿಸಿದರೆ ಸುರುಳಿಗೆ ಜೀವವಿದೆ. ಹಾಗೆಯೇ ಹಿಂಬದಿಯ ಮುಚ್ಚಳವನ್ನು ತೆಗೆದು ವಾಲ್ಯೂಮ್ ಪಾಟ್‌ನ (ನಾದವನ್ನು ಏರಿಳಿಸುವ ತಿರುಗುಬಿಡಿಭಾಗದ) ಲೋಹದ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಬರೆದುಕೊಳ್ಳಿ.

ಮರುಪ್ರಶ್ನೆ: ಕೋಡಿಬಾಗದ ಓದುಗ

ತಂತಿಗಳು ಪಿಕಪ್ಪಿನ ಒಳಗಿನಿಂದಲೇ ಹಾದುಹೋಗಿವೆ. ಮೀಟರು ಸುಮಾರು ಐದು ಸಾವಿರ ಓಮ್ ತೋರಿಸಿತು. ಪಾಟ್ ಮೇಲೆ 304237 ಎಂದಿದೆ. ಕರ್ಪೂರದ ವಾಸನೆಯೂ ನಿಜ! ಇನ್ನೊಂದು ಸಂಗತಿ: ನಮ್ಮ ಅತ್ತೆ ಇಷ್ಟು ವರ್ಷ ಶುಂಠಿ ಜಜ್ಜಲು ಬಳಸುತ್ತಿದ್ದ ಬೆರಳುದ್ದದ ಉಕ್ಕಿನ ಗುಂಡು ಬಹುಶಃ ತಾವು ಹೇಳಿದ ಬಾರ್ ಇರಬೇಕು. ಅದನ್ನೇ ಬಳಸಬಹುದೇ? ಶ್ರುತಿ ಹೇಗೆ ಕೂರಿಸಬೇಕು?

ಉತ್ತರ: ಶಿರಸಿಯಿಂದ

304 ಎಂಬುದು ಪಾಟ್ ತಯಾರಿಸಿದ ಸ್ಟ್ಯಾಕ್‌ಪೋಲ್ ಕಂಪನಿಯ ಸಂಕೇತ. 2 ಎಂಬುದು ವರ್ಷದ ಕೊನೆಯ ಅಂಕಿ, 37 ಎಂಬುದು ವಾರ. 1942ರಲ್ಲಿ ಯುದ್ಧದ ಕಾರಣ ಅಮೆರಿಕದಲ್ಲಿ ವಾದ್ಯ ತಯಾರಿಕೆಗೆ ಕಡಿವಾಣ ಬಿದ್ದಿದ್ದರಿಂದ 1952ರ ಸೆಪ್ಟೆಂಬರ್ ಎಂದು ಓದುವುದು ಸರಿ. ಅದು ಪಾಟ್ ತಯಾರಾದ ದಿನ, ವಾದ್ಯವನ್ನು ಜೋಡಿಸಿದ್ದು ಆಮೇಲೆ. ಪಿಕಪ್ಪನ್ನೂ ಸೇರಿಸಿ ನೋಡಿದರೆ ಐವತ್ತರ ದಶಕದ ವಾಲ್ಕೋ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ವಿದ್ಯಾರ್ಥಿಗಳಿಗೆಂದು ಅಗ್ಗಕ್ಕೆ ಮಾರಿದ ವಾದ್ಯವಾದರೂ ಆ ಪಿಕಪ್ಪಿನ ದಪ್ಪನೆಯ, ತುಸು ಒರಟಾದ ನಾದಕ್ಕಾಗಿ ಇಂದಿಗೂ ಹುಡುಕಿಕೊಂಡು ಬರುವವರಿದ್ದಾರೆ.

ಶ್ರುತಿಗೆ ಓಪನ್ ಡಿ ಇಟ್ಟುಕೊಳ್ಳಿ, ಅಂದರೆ ಬಾರ್ ಇಡದೆ ಮೀಟಿದಾಗಲೇ ಡಿ ಮೇಜರ್ ಸ್ವರಮೇಳ ಕೇಳಿಸುವ ಶ್ರುತಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಲೆಕ್ಟ್ರಿಕ್ ಗಿಟಾರ್ ತಂತಿಗಳೇ ಸಾಕು, ಯಾವ ತಂತಿಯನ್ನೂ ಅದರ ವಾಡಿಕೆಯ ಶ್ರುತಿಗಿಂತ ಬಿಗಿಯಬೇಕಿಲ್ಲ. ಹಳೆಯ ಮರಕ್ಕೆ ಅದು ಕ್ಷೇಮ. ದಪ್ಪ ತಂತಿಯಿಂದ ಸಣ್ಣದಕ್ಕೆ ಸ, ಪ, ಸ, ಗ, ಪ, ಸ ಎಂದು ಬರುವುದರಿಂದ ನಮ್ಮ ಕಿವಿಗೆ ಹತ್ತಿರವೂ ಹೌದು. ಹವಾಯಿಯವರ ಸಿ ಸಿಕ್ಸ್ತ್ ಶ್ರುತಿಯನ್ನು ಈ ತಂತಿಗಳಲ್ಲಿ ಪ್ರಯತ್ನಿಸಬೇಡಿ. ಸಣ್ಣ ತಂತಿಯಿಂದ ಎಣಿಸಿದರೆ ನಾಲ್ಕನೆಯದು ಐದು ಅರೆಸ್ವರ ಏರಬೇಕಾಗಿ ಕಡಿದುಹೋದೀತು. ಗಿಟಾರನ್ನು ಮಲಗಿಸಿ ರಾಗದ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ಎಳೆಯುವುದು ಹೇಗೆಂದು ಕೇಳಬೇಕಿದ್ದರೆ, ಗಿಟಾರಿನಲ್ಲಿ ಹಿಂದೂಸ್ತಾನಿ ಸಂಗೀತ ನುಡಿಸಿದ ಬ್ರಿಜ್‌ಭೂಷಣ್ ಕಾಬ್ರಾ ಅವರ ಧ್ವನಿಮುದ್ರಣಗಳಿವೆ.

ಬಾರಿನ ಮೇಲೆ ಉದ್ದಕ್ಕೂ ಉಗುರು ಎಳೆದು ನೋಡಿ. ಎಲ್ಲಿಯಾದರೂ ಉಗುರು ಸಿಕ್ಕಿಕೊಂಡರೆ ತಂತಿಯೂ ಅಲ್ಲಿ ಕರಕರ ಎನ್ನುತ್ತದೆ. ಹಾಗಿದ್ದಲ್ಲಿ ಅದನ್ನು ಅತ್ತೆಯವರಿಗೆ ಮರಳಿಸಿ, ಹೊಸದನ್ನು ತರಿಸಿಕೊಳ್ಳಿ.