ಕಾಸರಕೋಡು ಬೀಚ್‌ಗೆ ಒಂದು ದಿನ: ಅಮ್ಮ, ಮಕ್ಕಳ ಜೊತೆ ಆಗುತ್ತಾ?

ವಿನೋಬನಗರ, ಶಿವಮೊಗ್ಗ
ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಒಂದು ಭಾನುವಾರ ಮನೆಯವರೆಲ್ಲ ಹೊನ್ನಾವರದ ಹತ್ತಿರದ ಕಾಸರಕೋಡು ಇಕೋ ಬೀಚ್‌ಗೆ ಹೋಗಿ ಬರೋಣ ಅಂತಿದ್ದೇವೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಆಗಲ್ಲ. ಮಗ ಆರನೇ ಕ್ಲಾಸು, ಮಗಳು ಇನ್ನೂ ಚಿಕ್ಕವಳು, ಘಾಟಿ ಬಂದರೆ ವಾಂತಿ ಶುರು. ಮುರುಡೇಶ್ವರ, ಇಡಗುಂಜಿ, ಅಪ್ಸರಕೊಂಡ ಎಲ್ಲ ಅಲ್ಲೇ ಪಕ್ಕ, ಒಂದೇ ದಿನದಲ್ಲಿ ಮುಗಿಸಬಹುದು ಅಂತ ನಮ್ಮ ಯಜಮಾನರು ಹೇಳ್ತಾರೆ. ನಿಜವಾಗಲೂ ಆಗುತ್ತಾ? ಅಮ್ಮ ಸಮುದ್ರ ನೋಡಿ ತುಂಬಾ ವರ್ಷ ಆಯಿತು. ಅವರು ಗಾಡಿಯಲ್ಲಿ ಕೂತೇ ಸುಸ್ತಾಗಬಾರದು, ನನಗೆ ಅಷ್ಟೇ ಬೇಕಿರೋದು.

ಸಾಗರದಿಂದ
ಎಲ್ಲ ಆಗಲ್ಲ ಅಕ್ಕ. ಶಿವಮೊಗ್ಗದಿಂದ ಹೊನ್ನಾವರ ಸುಮಾರು 160 ಕಿ.ಮೀ. ಸಾಗರ, ತಾಳಗುಪ್ಪದವರೆಗೆ ಆರಾಮ. ಆಮೇಲೆ ಗೇರುಸೊಪ್ಪೆ ಘಾಟಿ ಇದೆಯಲ್ಲ, ತಿರುವು ಮೇಲೆ ತಿರುವು. ಮಗು ಇದ್ದರೆ ನಿಲ್ಲಿಸಿ ನಿಲ್ಲಿಸಿಯೇ ಇಳೀಬೇಕು. ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಮಗಳಿಗೆ ಎಣ್ಣೆ ತಿಂಡಿ ಬೇಡ, ಇಡ್ಲಿ ಸಾಕು, ಫೋನ್ ಕೈಗೆ ಕೊಡಬೇಡಿ, ಹೊರಗೆ ದೂರ ನೋಡಿಕೊಂಡು ಬರಲಿ. ಘಾಟಿಯಲ್ಲಿ ಸಿಂಗಳೀಕ ಕಂಡರೂ ಕಾಣಬಹುದು. ಕಂಡರೆ ದಯವಿಟ್ಟು ಬಾಳೆಹಣ್ಣು, ಬಿಸ್ಕತ್ತು ಎಸೆಯಬೇಡಿ. ರಸ್ತೆಗೆ ಬಂದು ಅಭ್ಯಾಸ ಆದ ಪ್ರಾಣಿ ಗಾಡಿಗೆ ಸಿಕ್ಕಿ ಸಾಯುತ್ತೆ. ವಾಪಸ್ ಬರುವಾಗ ಬೆಳಕಿದ್ದಾಗಲೇ ಘಾಟಿ ಹತ್ತಿ, ನಾಲ್ಕಕ್ಕೆಲ್ಲ ಹೊರಟುಬಿಡಿ.

ಹೊನ್ನಾವರದವಳು
ಮುರುಡೇಶ್ವರ ಬಿಟ್ಟುಬಿಡಿ, ಅದಕ್ಕೇ ಬೇರೆ ದಿನ ಬೇಕು. ಅಪ್ಸರಕೊಂಡ ಹತ್ತಿರವೇ ಇದೆ, ಆದರೆ ಜಲಪಾತದ ಬುಡಕ್ಕೆ ಮೆಟ್ಟಿಲು ಇಳೀಬೇಕು. ಅಮ್ಮನಿಗೆ ಬೇಡ.

ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ. ಅದು ಸಿಗಬೇಕಾದರೆ ನೀರಿನ ಪರೀಕ್ಷೆ, ಶೌಚಾಲಯ, ಲೈಫ್‌ಗಾರ್ಡ್, ನಡೆಯೋಕೆ ಕಷ್ಟ ಇರುವವರಿಗೆ ದಾರಿ ಎಲ್ಲ ಇರಬೇಕು. ಹಾಗಾಗಿ ವಯಸ್ಸಾದವರಿಗೆ ನಮ್ಮ ಕಡೆ ಇದಕ್ಕಿಂತ ಅನುಕೂಲದ ಬೀಚ್ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಗಾಳಿಮರದ ನೆರಳಲ್ಲಿ ಚಾಪೆ ಹಾಸಿ, ಬುತ್ತಿ ಬಿಚ್ಚಿ ಕೂತರೆ ಅಮ್ಮನಿಗೆ ಅಲ್ಲಿಂದಲೇ ಸಮುದ್ರ ಕಾಣುತ್ತೆ.

ಮಗನಿಗೆ ಮಾತ್ರ ಕಾಂಡ್ಲಾ ಕಾಡು (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್) ತೋರಿಸದೆ ಹೋಗಬೇಡಿ. ಅಲ್ಲೇ ಹತ್ತಿರ, ಶರಾವತಿಯ ಹಿನ್ನೀರಲ್ಲಿ, ಕಾಂಡ್ಲಾ ಗಿಡಗಳ ಮಧ್ಯೆ ಮರದ ಹಲಗೆಯ ಕಾಲುದಾರಿ ಇದೆ. ಇಳಿತದ ಹೊತ್ತಿಗೆ ಹೋಗಿ. ಉಬ್ಬರದಲ್ಲಿ ಬರೀ ನೀರು, ಎಲೆ. ನೀರು ಇಳಿದ ಮೇಲೆ ನೋಡಬೇಕು, ಕೆಸರಿನ ತುಂಬಾ ಪೆನ್ಸಿಲ್ ನೆಟ್ಟ ಹಾಗೆ ಬೇರುಗಳು ಮೇಲೆದ್ದಿರುತ್ತವೆ. ಕೆಸರಲ್ಲಿ ಗಾಳಿ ಸಿಗಲ್ಲ ಅಂತ ಗಿಡ ಆ ಬೇರಿಂದ ಉಸಿರಾಡುತ್ತೆ. ಪಕ್ಕದಲ್ಲೇ ಚಿಕ್ಕ ಏಡಿ, ಗಂಡಿಗೆ ಒಂದು ಕೈ ಮಾತ್ರ ದೊಡ್ಡದು, ಅದನ್ನ ಎತ್ತಿ ಆಡಿಸ್ತಾ ಇರುತ್ತೆ. ಸುಮ್ನೆ ಎರಡು ನಿಮಿಷ ಅಲುಗಾಡದೆ ನಿಂತರೆ ಬಿಲದೊಳಗೆ ಹೋದವೆಲ್ಲ ಹೊರಗೆ ಬರುತ್ತವೆ. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತೆ, ಹೊರಡುವ ಮುಂಚೆ ನೋಡಿಕೊಳ್ಳಿ.

ನಾಲ್ಕಕ್ಕೆ ಹೊರಡಿ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಜನವರಿಯಲ್ಲಿ ಸೂರ್ಯ ಮುಳುಗೋದು ಆರೂಕಾಲರ ಮೇಲೆ. ಅಷ್ಟು ದೂರದಿಂದ ಬಂದ ಅಮ್ಮನಿಗೆ ಅದನ್ನ ತೋರಿಸದೆ ಕರ್ಕೊಂಡು ಹೋಗ್ತೀರಾ?

ತೀರ್ಥಹಳ್ಳಿ ಕಡೆಯವ
ಪಡುಬಿದ್ರಿಗೂ 2020ರಲ್ಲೇ ಬ್ಲೂ ಫ್ಲ್ಯಾಗ್ ಬಂದಿದೆ, ಆಗುಂಬೆ ಇಳಿದು ಹೋಗಬಹುದು. ಆದರೆ ಅಲ್ಲೂ ಹೇರ್‌ಪಿನ್ ತಿರುವುಗಳೇ, ಮಗುವಿಗೆ ಹೊಟ್ಟೆ ತೊಳೆಸೋದು ತಪ್ಪಲ್ಲ. ನೀವು ಕಾಸರಕೋಡೇ ಇಟ್ಟುಕೊಳ್ಳಿ. ನೀರಿಗಿಳಿಯುವಾಗ ದಡದಲ್ಲಿ ಗುರುತಿಗೆ ನೆಟ್ಟ ಬಾವುಟಗಳ ನಡುವೆಯೇ ಇರಿ, ಲೈಫ್‌ಗಾರ್ಡ್ ಸೀಟಿ ಊದಿದರೆ ಮಕ್ಕಳನ್ನ ತಕ್ಷಣ ಮೇಲೆ ಕರೀರಿ. ಹೊಳೆಯಲ್ಲಿ ಈಜು ಕಲಿತ ನಮ್ಮ ಮಲೆನಾಡಿನವರಿಗೆ ಸಮುದ್ರದ ಸೆಳೆತ ಗೊತ್ತಾಗಲ್ಲ, ನೀರು ಮೊಣಕಾಲಿಗಿದ್ದರೂ ಕಾಲ ಕೆಳಗಿನ ಮರಳು ಜಾರುತ್ತೆ. ಮಗಳ ಕೈ ಬಿಡಬೇಡಿ.

ವಿನೋಬನಗರ, ಶಿವಮೊಗ್ಗ
ತುಂಬಾ ಥ್ಯಾಂಕ್ಸ್. ತಾಳಗುಪ್ಪದಲ್ಲಿ ಚಿಕ್ಕಮ್ಮನ ಮನೆ ಇದೆ. ಶನಿವಾರ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಬೇಗ ಘಾಟಿ ಇಳಿದರೆ ಹೇಗೆ? ಭಾನುವಾರ ರಾತ್ರಿಯೂ ಅಲ್ಲೇ ಮಲಗಿ ಸೋಮವಾರ ವಾಪಸ್. ಮಗನಿಗೆ ಒಂದು ದಿನ ಶಾಲೆ ರಜೆ ಹಾಕಿಸ್ತೀನಿ.

ಸಾಗರದಿಂದ
ಹಾಗಾದರೆ ಸೂರ್ಯ ಮುಳುಗೋದು ನೋಡಿಯೇ ಹೊರಡಿ. ರಾತ್ರಿ ಘಾಟಿ ನಿಧಾನ ಹತ್ತಿದರೂ ಊಟದ ಹೊತ್ತಿಗೆ ತಾಳಗುಪ್ಪ. ಹೊನ್ನಾವರದಲ್ಲೇ ಪೆಟ್ರೋಲ್ ಹಾಕಿಸಿಕೊಳ್ಳಿ, ಅಮ್ಮನಿಗೊಂದು ಸ್ವೆಟರ್ ಗಾಡಿಯಲ್ಲಿರಲಿ, ಘಾಟಿ ಹತ್ತಿದ ಮೇಲೆ ಚಳಿ.