ಬಾತುಕೋಳಿ ಏನಾಯಿತು?

ವೆಂಕಟ ಮೊಬೈಲನ್ನು ಮೇಜಿನ ಮೇಲೆ ಕವುಚಿ ಹಾಕಿದ. ಅಕ್ಕಪಕ್ಕ ನೋಡಿದ. ದನಿ ತಗ್ಗಿಸಿದ.

"ಹದಿಮೂರೇ ಮನೆತನ. ಇಡೀ ಪ್ರಪಂಚ ಆಳೋದು ಅವರೇ. ಇದು ಯಾರಿಗೂ ಗೊತ್ತಿಲ್ಲ."

"ನನಗೆ ಬೆಳಗ್ಗೆಯಿಂದ ನಾಲ್ಕು ಗ್ರೂಪಿನಲ್ಲಿ ಬಂದಿದೆ," ಅಂದ ವಾಸು. "ನಮ್ಮ ಹಾಲಿನವನೂ ಕಳಿಸಿದ್ದಾನೆ. ಯಾರಿಗೂ ಗೊತ್ತಿಲ್ಲ ಅಂತ ಅವನೂ ಬರೆದಿದ್ದಾನೆ."

"ನಗು ನಗು. ಅಮೆರಿಕದ ಜೆಕಿಲ್ ದ್ವೀಪದಲ್ಲಿ 1910ರಲ್ಲಿ ಏನು ನಡೆಯಿತು, ಹೇಳು ನೋಡೋಣ."

"ಗುಪ್ತ ಸಭೆ. ಅದು ನಿಜ."

ಎಲ್ಲರಿಗಿಂತ ಜಾಸ್ತಿ ಗಾಬರಿಯಾದದ್ದು ವೆಂಕಟನಿಗೇ. ಅವನ ಫಾರ್ವರ್ಡನ್ನು ನಿಜ ಅಂತ ಯಾರಾದರೂ ಒಪ್ಪಿದ್ದು ಇದೇ ಮೊದಲು.

ವಾಸು ಬೋಂಡಾ ಮುರಿದ. "1907ರಲ್ಲಿ ಅಮೆರಿಕದ ಜನ ಹೆದರಿ ಬ್ಯಾಂಕಿನಿಂದ ದುಡ್ಡು ತೆಗೆಯೋಕೆ ಮುಗಿಬಿದ್ದರು. ಜೆ.ಪಿ. ಮಾರ್ಗನ್ ಅನ್ನುವ ದೊಡ್ಡ ಬ್ಯಾಂಕರು ಉಳಿದ ಬ್ಯಾಂಕಿನವರನ್ನು ತನ್ನ ಲೈಬ್ರರಿಗೆ ಕರೆದು, ಬಾಗಿಲಿಗೆ ಬೀಗ ಹಾಕಿ, ದುಡ್ಡು ಎತ್ತಿಸಿದ. ಆಗಲೇ ಅವನಿಗೆ 70 ವರ್ಷ. ಪ್ರತಿ ಸಲ ಆ ಮುದುಕನನ್ನೇ ನಂಬಿ ಕೂರೋಕಾಗುತ್ತಾ? ಒಂದು ಕೇಂದ್ರ ಬ್ಯಾಂಕು ಬೇಕಿತ್ತು. ಆದರೆ ಅದರ ಯೋಜನೆಯನ್ನು ವಾಲ್ ಸ್ಟ್ರೀಟಿನ ದೊಡ್ಡ ಬ್ಯಾಂಕಿನವರೇ ಬರೆದರು ಅಂದರೆ ಜನ ಒಪ್ಪಲ್ಲ. ಅದಕ್ಕೆ ಸೆನೆಟರ್ ಆಲ್ಡ್ರಿಚ್ ಮತ್ತು ಕೆಲವು ದೊಡ್ಡ ಬ್ಯಾಂಕರುಗಳು, ಎಲ್ಲಾ ಸೇರಿ ಆರೇಳು ಜನ, ಒಬ್ಬೊಬ್ಬರೇ ಬಂದು ಆ ದ್ವೀಪದ ಕಡೆಗೆ ರೈಲು ಹತ್ತಿದರು. ಯಾರೂ ತಮ್ಮ ಮನೆತನದ ಹೆಸರು ಎತ್ತುವ ಹಾಗಿಲ್ಲ. ಯಾರಾದರೂ ಕೇಳಿದರೆ, ಬಾತುಕೋಳಿ ಬೇಟೆಗೆ ಹೊರಟಿದ್ದೇವೆ ಅನ್ನಬೇಕು."

"ಬಾತುಕೋಳಿ?" ಸೀನ ಎದ್ದು ಕೂತ. ಅಲ್ಲಿಯವರೆಗೆ ಅವನ ಗಮನ ಚಟ್ನಿಯ ಮೇಲಿತ್ತು.

"ಹ್ಞೂಂ. ಅದರಲ್ಲಿ ಪಾಲ್ ವಾರ್ಬರ್ಗ್ ಅಂತ ಒಬ್ಬ ಬ್ಯಾಂಕರು. ಜನ್ಮದಲ್ಲಿ ಬಾತುಕೋಳಿ ಬೇಟೆ ಆಡಿದವನಲ್ಲ. ಬಂದೂಕು ಎರವಲು ತಂದಿದ್ದ."

"ಎಷ್ಟು ಹೊಡೆದರು?"

"ಸೀನ, ವಿಷಯ ಅದಲ್ಲ," ವೆಂಕಟ ಗದರಿದ.

"ಅದೇ ಕಣೋ ವಿಷಯ. ಭಜನೆ ಅಂತ ಹೇಳಿ ಇಸ್ಪೀಟಿಗೆ ಹೋಗುತ್ತಿದ್ದೆನಲ್ಲ, ವಾಪಸ್ ಬರುವಾಗ ಪ್ರಸಾದ ಅಂತ ಎರಡು ಬಾಳೆಹಣ್ಣಾದರೂ ಹಿಡಿದು ಬರುತ್ತಿದ್ದೆ. ಇವರು ಹೆಂಡತಿಯರಿಗೆ ಏನು ತೋರಿಸಿದರು? ಬಾತುಕೋಳಿ ಏನಾಯಿತು?"

"ಬಾತುಕೋಳಿ ಹಾಳಾಗಲಿ! ಅಮೆರಿಕದ ಕೇಂದ್ರ ಬ್ಯಾಂಕು, ಫೆಡರಲ್ ರಿಸರ್ವ್, ಬಂದದ್ದು ಅಲ್ಲಿಂದ. ಅಂದರೆ ಇಡೀ ಜಗತ್ತಿನ ದುಡ್ಡು..."

"ನಿಧಾನ," ಅಂದ ವಾಸು. "ಅಷ್ಟು ಕಷ್ಟಪಟ್ಟು ಬರೆದ ಯೋಜನೆ ಸಂಸತ್ತಿನಲ್ಲಿ ಪಾಸೇ ಆಗಲಿಲ್ಲ. 1912ರಲ್ಲಿ ಆಲ್ಡ್ರಿಚ್ ಪಕ್ಷ ಚುನಾವಣೆ ಸೋತಿತು. 1913ರಲ್ಲಿ ಕಾನೂನು ಮಾಡಿದ್ದು ಎದುರು ಪಕ್ಷ. ದ್ವೀಪದಲ್ಲಿ ಬರೆದದ್ದರಿಂದ ಬೇಕಾದಷ್ಟು ಎತ್ತಿಕೊಂಡರು, ಅದು ಹೌದು. ಇನ್ನು ಗುಟ್ಟು? 1916ರಲ್ಲೇ ಫೋರ್ಬ್ಸ್ ಅನ್ನುವ ಪತ್ರಕರ್ತ ಬರೆದುಬಿಟ್ಟ. 1935ರಲ್ಲಿ ಸಭೆಗೆ ಹೋಗಿದ್ದ ವ್ಯಾಂಡರ್ಲಿಪ್ ತಾನೇ ಪತ್ರಿಕೆಗೆ ಬರೆದ. ಹೇಳದೆ ಇರೋಕೆ ಆಗಲಿಲ್ಲ, ಪಾಪ. ಆರೇಳು ಜನರ ಹೊಟ್ಟೆಯಲ್ಲೇ ನಿಲ್ಲಲಿಲ್ಲ ಅಂದ ಮೇಲೆ, ನಿನ್ನ ಹದಿಮೂರು ಮನೆತನದ ಅಳಿಯಂದಿರು, ಸೊಸೆಯರು, ಬೀಗರು ಎಲ್ಲಾ ಸೇರಿ ಎಷ್ಟಾಯಿತು? ಇಷ್ಟು ವರ್ಷದಲ್ಲಿ ಒಬ್ಬ ಬೀಗನೂ ಮುನಿಸಿಕೊಂಡು ಹೊರಗೆ ಬಾಯಿ ಬಿಟ್ಟಿಲ್ಲವಾ?"

ಸೀನ ನಕ್ಕು ನಕ್ಕು ಕೆಮ್ಮಿದ. ವೆಂಕಟ ನಗಲಿಲ್ಲ.

"ಹಾಗಾದರೆ 2008?"

ಅದಕ್ಕೆ ಯಾರೂ ಮಾತಾಡಲಿಲ್ಲ. ಆ ಸೆಪ್ಟೆಂಬರಿನಲ್ಲಿ ಅಮೆರಿಕದ ದೊಡ್ಡ ಬ್ಯಾಂಕು ಲೇಮನ್ ಬ್ರದರ್ಸ್ ದಿವಾಳಿಯಾಯಿತು. ವೆಂಕಟನ ಮಗ ಕೆಲಸ ಮಾಡುತ್ತಿದ್ದದ್ದು ಬೇರೆ ಯಾವುದೋ ಕಂಪನಿಯಲ್ಲಿ. ಡಿಸೆಂಬರಿನಲ್ಲಿ ಎರಡು ಸೂಟ್‌ಕೇಸ್ ಹಿಡಿದು ಅವನೂ ವಾಪಸ್ ಬಂದ. ಒಂದು ಈಗಲೂ ಅಟ್ಟದ ಮೇಲಿದೆ, ವಿಮಾನದವರು ಕಟ್ಟಿದ ಚೀಟಿಯ ಸಮೇತ.

ವಾಸು ಲೋಟ ತಿರುಗಿಸುತ್ತಾ ಅಂದ: "ಅದಕ್ಕೆ ದ್ವೀಪ ಬೇಕಾಗಲಿಲ್ಲ ಕಣೋ. ತೀರಿಸಲಾಗದವರಿಗೆಲ್ಲ ಮನೆ ಸಾಲ ಕೊಟ್ಟರು. ಆ ಸಾಲಗಳನ್ನು ಗಂಟು ಕಟ್ಟಿ ಮಾರಿದರು. ತುಂಬಾ ಭದ್ರ ಅನ್ನೋದಕ್ಕೆ ಗಂಟಿನ ಮೇಲೆ ಒಂದು, ಎರಡು, ಮೂರು ಅಂತ 'ಎ' ಬರೆಸಿಕೊಂಡರು. ಎಲ್ಲಾ ಹಗಲು ಹೊತ್ತಿನಲ್ಲೇ. ಕಾಗದ ಇತ್ತು, ಸಹಿ ಇತ್ತು. ನೂರಾರು ಪುಟ. ಓದುವವರು ಇರಲಿಲ್ಲ ಅಷ್ಟೇ."

"ಅಂದರೆ ಯಾರೂ ಬೇಕಂತ ಮಾಡಲಿಲ್ಲ ಅನ್ನುತ್ತೀಯಾ?"

"ಬೇಕಂತ ಮಾಡಿದರು. ದುಡ್ಡಿಗೋಸ್ಕರ. ನಿನ್ನ ಮಗನ ನೆನಪು ಅವರಿಗೆ ಇರಲೇ ಇಲ್ಲ."

ವೆಂಕಟ ಮೊಬೈಲನ್ನು ಜೇಬಿಗೆ ಹಾಕಿಕೊಂಡ. "ಹದಿಮೂರು ಮನೆತನ ಅಂದರೆ," ಅಂದ, "ಹೋಗಿ ಬೈಯೋಕೆ ಹದಿಮೂರು ಬಾಗಿಲಾದರೂ ಇರುತ್ತೆ."

ವಾಸು ಏನೋ ಹೇಳಲು ಹೊರಟವನು ಸುಮ್ಮನಾದ. ಕೈ ತೊಳೆದು ಬರುತ್ತೇನೆ ಅಂತ ಎದ್ದು ಹೋಗಿ ಬಂದ.

ಕಾಫಿ ಮುಗಿಯಿತು. ಸೀನ ಬಿಲ್ ಕೇಳಿದ. ಇವತ್ತು ವೆಂಕಟನ ಸರದಿ.

"ಆಗಲೇ ಕೊಟ್ಟಾಯಿತು ಸಾರ್," ಅಂದ ಸಪ್ಲೈಯರ್.

"ಯಾರು ಕೊಟ್ಟದ್ದು?"

"ಹೇಳಬಾರದು ಅಂದಿದ್ದಾರೆ ಸಾರ್," ಅಂತ ಹುಡುಗ ನೇರವಾಗಿ ವಾಸುವಿನ ಮುಖವನ್ನೇ ನೋಡಿದ.